ಟೆರೇಸು ಎಲ್ಲರದ್ದು, ಲೆಕ್ಕ ಬರೆಯುವವರು ಯಾರು?

ಬೇಲಾಪುರ, ನೆರೂಲ್, ವಾಶಿಯಿಂದ ಹಿಡಿದು ಠಾಣೆ, ಡೊಂಬಿವಲಿ, ಕಲ್ಯಾಣದ ತನಕ ಹೌಸಿಂಗ್ ಸೊಸೈಟಿಗಳ ಕಮಿಟಿಗಳಲ್ಲಿ ದುಡಿಯುತ್ತಿರುವ ಕನ್ನಡಿಗ ಬಂಧುಗಳೇ,

ಈ ಪತ್ರದಲ್ಲಿ ನಿಮ್ಮಿಂದ ಎರಡು ಕೆಲಸ ಕೇಳುತ್ತಿದ್ದೇನೆ. ಒಂದು, ನಿಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಸೌರ ಫಲಕ ಕೂರಿಸುವ ವಿಷಯವನ್ನು ಈ ಸಲದ ವಾರ್ಷಿಕ ಸಭೆಗೆ ತನ್ನಿ. ಎರಡು, ಕೂರಿಸಿದ ಮೇಲೆ ಅದು ದಿನಕ್ಕೆ ಎಷ್ಟು ಯೂನಿಟ್ ಕೊಟ್ಟಿತೆಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಮೊದಲನೆಯದನ್ನು ಸರ್ಕಾರ ಹೇಳುತ್ತಿದೆ, ಬ್ಯಾಂಕು ಹೇಳುತ್ತಿದೆ, ಮಾರುವ ಕಂಪನಿಗಳಂತೂ ದಿನಾ ಫೋನು ಮಾಡಿ ಹೇಳುತ್ತಿವೆ. ಎರಡನೆಯದನ್ನು ಯಾರೂ ಕೇಳುತ್ತಿಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಕೆಲಸ. ಯಾಕೆಂದು ಹೇಳುತ್ತೇನೆ.

ನಿಮಗೇ ಬರೆಯಲು ಕಾರಣವಿದೆ. ಈ ಭಾಗದ ಸೊಸೈಟಿಗಳಲ್ಲಿ ಖಜಾಂಚಿ ಯಾರಾಗಬೇಕೆಂದು ಮಾತು ಬಂದಾಗ ಬ್ಯಾಂಕಿನಿಂದ ನಿವೃತ್ತರಾದ ಕನ್ನಡಿಗರ ಕಡೆ ಎಲ್ಲರೂ ತಿರುಗಿ ನೋಡುವುದನ್ನು ಕಂಡಿದ್ದೇನೆ. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ನಮ್ಮ ಎಷ್ಟೋ ಮನೆಗಳನ್ನು ಈ ಊರಿಗೆ ತಂದು ಬಿಟ್ಟವು. 2020ರ ಏಪ್ರಿಲಿನಲ್ಲಿ ಎರಡೂ ಒಂದಾದವು. ಅದಕ್ಕೂ ಹಿಂದೆ, 2003ರಲ್ಲಿ, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಮನೆಗಳ ಸೌರ ದೀಪಕ್ಕೆ ಸಾಲ ಕೊಡಿಸುವ ಯೋಜನೆ ಹಾಕಿಕೊಂಡು ಭಾರತಕ್ಕೆ ಬಂದಾಗ ಕೈಜೋಡಿಸಿದ್ದು ಇವೇ ಎರಡು ಬ್ಯಾಂಕುಗಳು. ಮುಖ್ಯವಾಗಿ ಕರ್ನಾಟಕದ ಹಳ್ಳಿಗಳಲ್ಲಿ, ಸುತ್ತಲಿನ ಸೀಮೆಗಳಲ್ಲಿ, ಸಾವಿರಾರು ಮನೆಗಳಿಗೆ ಆ ಸಾಲದಿಂದ ಬೆಳಕು ಬಂತು. ಆ ಕಡತಗಳಿಗೆ ಸಹಿ ಹಾಕಿದವರು ನಿಮ್ಮಲ್ಲೇ ಯಾರಾದರೂ ಇರಬಹುದು. ಛಾವಣಿಯ ಮೇಲಿನ ವಿದ್ಯುತ್ತು ನಮಗೆ ಹೊಸ ಮಾತಲ್ಲ.

1995ರಲ್ಲಿ ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಸೆಲ್ಕೋ ಎಂಬ ಸೌರ ಕಂಪನಿ ಕಟ್ಟಿದಾಗ, ಬಡವರಿಗೆ ಸೌರ ವಿದ್ಯುತ್ತು ಕೊಳ್ಳಲಾಗದು, ಕೊಂಡರೂ ನೋಡಿಕೊಳ್ಳಲಾಗದು ಎಂಬ ಮಾತು ಎಲ್ಲೆಡೆ ಇತ್ತು. ಎರಡೂ ಸುಳ್ಳೆಂದು ಅವರು ತೋರಿಸಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ದಾರಿಯಲ್ಲಿ ನನಗೆ ಮುಖ್ಯವೆನಿಸುವುದು ಎರಡು ಸಂಗತಿ. ಗಿರಾಕಿಯ ಗಳಿಕೆ ದಿನದ್ದಾದರೆ ಸಾಲದ ಕಂತನ್ನೂ ದಿನದ್ದಾಗಿ ಮಾಡಿದರು. ತಿಂಗಳಿಗೆ 300 ರೂಪಾಯಿ ಎಂದಾಗ ಹಿಂಜರಿಯುವ ಬೀದಿ ವ್ಯಾಪಾರಿ ದಿನಕ್ಕೆ 10 ರೂಪಾಯಿ ಎಂದರೆ ಒಪ್ಪುತ್ತಾನೆ ಎಂಬುದನ್ನು ಹಂದೆಯವರು ಹಲವು ಕಡೆ ಹೇಳಿದ್ದಾರೆ. ಇನ್ನೊಂದು, ದೀಪ ಹಾಕಿಕೊಟ್ಟು ಕೈತೊಳೆದುಕೊಳ್ಳದೆ ರಿಪೇರಿಯ ಕೇಂದ್ರವನ್ನು ಮನೆಯ ಹತ್ತಿರಕ್ಕೆ ತಂದರು. ನಮ್ಮ ಸೊಸೈಟಿಗಳಲ್ಲಿ ಇವತ್ತು ಹಣಕ್ಕೆ ತೊಂದರೆ ಇಲ್ಲ. ಎರಡನೆಯ ಪಾಠವನ್ನು ಮಾತ್ರ ನಾವು ಕಲಿತಿಲ್ಲ.

ಹಣದ ಮಾತನ್ನು ಮೊದಲು ಮುಗಿಸಿಬಿಡೋಣ. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯ ಘರ್ ಯೋಜನೆ ತಂದಿತು. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿ ವೆಚ್ಚ, 2026-27ರ ತನಕ ಅವಧಿ. ಸ್ವಂತ ಛಾವಣಿ ಇರುವ ಮನೆಗೆ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟಿಗೆ ಹೆಚ್ಚೆಂದರೆ 78,000 ಸಹಾಯಧನ. ಇದು ಪತ್ರಿಕೆಗಳಲ್ಲಿ ಬಂದಿದೆ, ನಿಮಗೆ ಗೊತ್ತಿರುತ್ತದೆ. ಹೌಸಿಂಗ್ ಸೊಸೈಟಿಗಳಿಗೂ ಇದರಲ್ಲಿ ಪಾಲಿದೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಲಿಫ್ಟು, ಪಂಪು, ಮೆಟ್ಟಿಲ ದೀಪ, ವಾಹನ ಚಾರ್ಜಿಂಗ್ ಇಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿಯಂತೆ, ಮನೆಯೊಂದಕ್ಕೆ ಮೂರು ಕಿಲೋವ್ಯಾಟ್ ಲೆಕ್ಕದಲ್ಲಿ, 500 ಕಿಲೋವ್ಯಾಟ್ ತನಕ ಸಹಾಯಧನ ಸಿಗುತ್ತದೆ. ಫಲಕ ಮತ್ತು ಅದರೊಳಗಿನ ಕೋಶ ಎರಡೂ ಭಾರತದಲ್ಲೇ ತಯಾರಾಗಿರಬೇಕು ಎಂಬ ಷರತ್ತಿದೆ.

ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಜಾಗ ಕೇಳುವುದು ಹೆಚ್ಚುಕಡಿಮೆ ನೂರು ಚದರಡಿ. ಎರಡು ಸಾವಿರ ಚದರಡಿ ಖಾಲಿ ಟೆರೇಸು ಇರುವ ಬಿಲ್ಡಿಂಗು 20 ಕಿಲೋವ್ಯಾಟ್ ಹಾಕಿದರೆ ದಿನಕ್ಕೆ 80 ಯೂನಿಟ್, ತಿಂಗಳಿಗೆ 2,400. ಸಹಾಯಧನ 3,60,000 ರೂಪಾಯಿ. ಉಳಿತಾಯ ಎಷ್ಟೆಂದು ತಿಳಿಯಲು ಸರಾಸರಿ ದರ ಹಿಡಿಯಬೇಡಿ. ಬಳಕೆ ಏರಿದ ಹಾಗೆ ದರವೂ ಏರುವುದರಿಂದ ಸೌರ ವಿದ್ಯುತ್ತು ಮೊದಲು ಕಡಿಯುವುದು ಮೇಲಿನ, ದುಬಾರಿ ಸ್ಲ್ಯಾಬನ್ನು. ನಿಮ್ಮ ಲೈಟ್ ಬಿಲ್ಲಿನ ಕೊನೆಯ ಸ್ಲ್ಯಾಬಿನ ದರ ಹಿಡಿದು ಗುಣಿಸಿ ನೋಡಿ. ಅತಿಯಾಸೆಯಿಂದ ಬೇಕಾದ್ದಕ್ಕಿಂತ ದೊಡ್ಡದು ಹಾಕಿಸಲೂ ಬೇಡಿ. ನೆಟ್ ಮೀಟರಿನಲ್ಲಿ ವಿದ್ಯುತ್ ಕಂಪನಿ ಮಹಾವಿತರಣಕ್ಕೆ ಹೋದ ಯೂನಿಟ್ಟು ಮುಂದಿನ ತಿಂಗಳಿಗೆ ಜಮೆಯಾಗುತ್ತಾ ಬಂದು ಮಾರ್ಚಿನ ಕೊನೆಗೆ ಲೆಕ್ಕ ಚುಕ್ತಾ ಆಗುತ್ತದೆ. ಆಗ ಉಳಿದಿದ್ದಕ್ಕೆ ಸಿಗುವ ಬೆಲೆ ಕಡಿಮೆ. ವರ್ಷದ ಬಳಕೆ ಎಷ್ಟೋ ಅಷ್ಟಕ್ಕೇ ನಿಲ್ಲಿಸುವುದು ಜಾಣತನ. ಅದೇ ರೀತಿ, ನೀರೆತ್ತುವ ಪಂಪನ್ನು ಬೆಳಗಿನ ಐದು ಗಂಟೆಯ ಬದಲು ಹನ್ನೊಂದರಿಂದ ಮೂರರೊಳಗೆ ಓಡಿಸಿ. ನಾಳೆ ದರದ ನಿಯಮ ಹೇಗೇ ಬದಲಾದರೂ ಹಗಲಿನದ್ದನ್ನು ಹಗಲಲ್ಲೇ ಬಳಸಿದವರಿಗೆ ನಷ್ಟವಿಲ್ಲ.

ಇನ್ನು ಟೆರೇಸಿಗೆ ಹತ್ತೋಣ.

ಬೇಲಾಪುರದಲ್ಲಿ ಒಂದು ಸೊಸೈಟಿಯ ಟೆರೇಸನ್ನು ಹತ್ತಿರದಿಂದ ನೋಡಿದ್ದೇನೆ. ಮಧ್ಯದಲ್ಲಿ ಲಿಫ್ಟಿನ ಕೋಣೆ, ಅದರ ಮೇಲೆ ನೀರಿನ ಟ್ಯಾಂಕಿ. ಗುತ್ತಿಗೆದಾರ ಸರ್ವೆಗೆ ಬಂದದ್ದು ಮೇ ತಿಂಗಳಿನಲ್ಲಿ. ಟ್ಯಾಂಕಿಯ ಉತ್ತರಕ್ಕೆ ಒಳ್ಳೆಯ ಜಾಗವಿದೆ, ನೆರಳೇ ಬೀಳುವುದಿಲ್ಲ ಎಂದು ಫೋಟೋ ತೆಗೆದು ತೋರಿಸಿದ. ಫೋಟೋ ಸುಳ್ಳಲ್ಲ. ನಾವಿರುವುದು 19 ಡಿಗ್ರಿ ಅಕ್ಷಾಂಶದಲ್ಲಿ. ಮೇ ಮಧ್ಯದಲ್ಲಿ ಒಂದು ದಿನ, ಜುಲೈ ಕೊನೆಯಲ್ಲಿ ಇನ್ನೊಂದು ದಿನ, ಸೂರ್ಯ ನಡುಮಧ್ಯಾಹ್ನ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೇ ಬೀಳುತ್ತದೆ. ಡಿಸೆಂಬರಿಗೆ ಬಂದರೆ ಸೂರ್ಯ ನಡುಹಗಲಿನಲ್ಲೂ 47-48 ಡಿಗ್ರಿಗಿಂತ ಮೇಲೇರುವುದಿಲ್ಲ. ಪ್ರತಿ ಆರಡಿ ಎತ್ತರಕ್ಕೆ ನೆರಳು ಐದೂವರೆ ಅಡಿ ಉತ್ತರಕ್ಕೆ ಚಾಚುತ್ತದೆ. ಬೆಳಗ್ಗೆ ಒಂಬತ್ತಕ್ಕೆ, ಸಂಜೆ ನಾಲ್ಕಕ್ಕೆ ಅದು ಇನ್ನೂ ಎಷ್ಟೋ ಉದ್ದ. ಮೇ ತಿಂಗಳ ಫೋಟೋ ನಂಬಿ ಆ ಜಾಗದಲ್ಲೇ ಮೊದಲ ಸಾಲಿನ ಫಲಕ ಕೂರಿಸಿದರು. ಚಳಿಗಾಲದಲ್ಲಿ ಆಕಾಶ ಶುಭ್ರವಾಗಿ ಒಳ್ಳೆಯ ಉತ್ಪಾದನೆ ಬರಬೇಕಾದ ಸಮಯಕ್ಕೇ ಆ ಸಾಲಿನ ಕೆಳ ಅಂಚಿಗೆ ಒಂದು ಗೇಣು ನೆರಳು ಬಂದು ಕೂತಿತು.

ಒಂದು ಗೇಣು ತಾನೇ ಎನ್ನಬೇಡಿ. ಫಲಕದೊಳಗಿನ ಕೋಶಗಳನ್ನು ಸಾಲಾಗಿ ಜೋಡಿಸಿರುತ್ತಾರೆ, ಒಂದರಿಂದ ಒಂದಕ್ಕೆ ವಿದ್ಯುತ್ತು ಹರಿಯಬೇಕು. ನೆರಳಿಗೆ ಬಿದ್ದ ಕೋಶವೊಂದು ತನ್ನ ಸಾಲಿನ ಹರಿವನ್ನೇ ತಡೆಯುತ್ತದೆ, ಮೇಲಾಗಿ ತಾನೇ ಬಿಸಿಯಾಗುತ್ತದೆ. ಇದನ್ನು ತಪ್ಪಿಸಲು ಫಲಕದ ಹಿಂಬದಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಡಯೋಡುಗಳಿರುತ್ತವೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಉಳಿದದ್ದನ್ನು ಅವು ಓಡಿಸುತ್ತವೆ, ಅಂದರೆ ಗೇಣು ನೆರಳಿಗೆ ಫಲಕದ ಮೂರನೆಯ ಒಂದು ಪಾಲು, ಕೆಲವು ಸಲ ಇಡೀ ಫಲಕವೇ ಕೈಬಿಟ್ಟು ಹೋಗಬಹುದು. ಹಾಗಾಗಿ ಸರ್ವೆಗೆ ಬಂದವರನ್ನು ಡಿಸೆಂಬರಿನ ನೆರಳು ಎಲ್ಲಿ ಬೀಳುತ್ತದೆಂದು ಕೇಳಿ. ಉತ್ತರ ಹೇಳಲು ಬಾರದವರಿಗೆ ಕೆಲಸ ಕೊಡಬೇಡಿ.

ಗಾಳಿಯದ್ದೂ ಹೀಗೆಯೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಹಾದುಹೋದಾಗ ಕೊಲಾಬಾದಲ್ಲಿ ಗಾಳಿಯ ವೇಗ ಗಂಟೆಗೆ 114 ಕಿಲೋಮೀಟರ್ ಮುಟ್ಟಿತ್ತು. ಮಳೆ ಸೋರದಿರಲೆಂದು ಟೆರೇಸಿಗೆ ಪತ್ರಾ ಶೆಡ್ ಹಾಕಿಸಿದ ಸೊಸೈಟಿಗಳು ನಮ್ಮಲ್ಲಿ ಬಹಳ. ಆ ಶೆಡ್ಡಿನ ಕಬ್ಬಿಣದ ಮೇಲೆಯೇ ಫಲಕ ಬಿಗಿದುಬಿಡುತ್ತೇವೆ, ಖರ್ಚು ಉಳಿಯುತ್ತದೆ ಎಂದು ಹೇಳಿಕೊಂಡು ಬರುವವರಿದ್ದಾರೆ. ಸ್ಟ್ರಕ್ಚರಲ್ ಎಂಜಿನಿಯರರ ಸಹಿ ಇಲ್ಲದೆ ಅದಕ್ಕೆ ಒಪ್ಪಬೇಡಿ. ಖಾಡಿಯ ಉಪ್ಪು ಗಾಳಿಗೆ ಬೋಲ್ಟುಗಳು ಎಷ್ಟು ಬೇಗ ತುಕ್ಕು ಹಿಡಿಯುತ್ತವೆ ಎಂಬುದು ಪಾಮ್ ಬೀಚ್ ರಸ್ತೆಯ ಆಚೀಚೆ ಇರುವವರಿಗೆ ಹೇಳಿಕೊಡಬೇಕಾಗಿಲ್ಲ. ಬಿಸಿ ಸತುವಿನಲ್ಲಿ ಅದ್ದಿದ ಕಬ್ಬಿಣ, ಸ್ಟೇನ್‌ಲೆಸ್ ಬೋಲ್ಟು ಎಂದು ಒಪ್ಪಂದದಲ್ಲೇ ಬರೆಸಿ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೆ ಬರುತ್ತೇನೆ.

ಠಾಣೆ ಖಾಡಿಯ ಆಚೆ, ಪೊವಾಯಿಯ ಐಐಟಿಯಲ್ಲಿ, ಸೌರ ವಿದ್ಯುತ್ತಿನ ಸಂಶೋಧನೆ ಮತ್ತು ಶಿಕ್ಷಣಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರವಿದೆ. 2010ರಲ್ಲಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ ಹಣದಿಂದ ಶುರುವಾದದ್ದು. ಎನ್‌ಸಿಪಿಆರ್‌ಇ ಎಂದು ಅದರ ಚುಟುಕು ಹೆಸರು. ಹೊಸ ಕೋಶ ಕಂಡುಹಿಡಿಯುವುದು ಅಲ್ಲಿಯ ಕೆಲಸದ ಒಂದು ಭಾಗ. ಅದಕ್ಕಿಂತ ನನಗೆ ಹೆಚ್ಚು ಗೌರವ ಇರುವುದು ಅವರ ಇನ್ನೊಂದು ಕೆಲಸದ ಮೇಲೆ. 2013ರಿಂದ ಆ ಕೇಂದ್ರದವರು ಸರ್ಕಾರದ ಸೌರ ಸಂಸ್ಥೆಯ ಜೊತೆಗೂಡಿ ದೇಶದ ಮೂಲೆ ಮೂಲೆಗೆ ಹೋಗಿ, ಜನ ಈಗಾಗಲೇ ಹಾಕಿಸಿಕೊಂಡಿರುವ ಫಲಕಗಳನ್ನೇ ಪರೀಕ್ಷಿಸಿದರು. ರಾಜಸ್ಥಾನದ ಮರಳು, ಲಡಾಖಿನ ಚಳಿ, ಕರಾವಳಿಯ ಸೆಖೆ ಎಲ್ಲವೂ ಅದರಲ್ಲಿ ಬಂದವು. ಮುಂದಿನ ವರ್ಷಗಳಲ್ಲೂ ಇಂಥ ಸರ್ವೆ ಮತ್ತೆ ಮತ್ತೆ ನಡೆಯಿತು.

ಒಂದು ಪರೀಕ್ಷೆಯ ರೀತಿ ಹೇಳುತ್ತೇನೆ. ಫಲಕ ಬೆಳಕನ್ನು ವಿದ್ಯುತ್ತಾಗಿಸುತ್ತದೆ ಅಲ್ಲವೇ? ಕತ್ತಲಲ್ಲಿ ಅದಕ್ಕೆ ಹೊರಗಿನಿಂದ ವಿದ್ಯುತ್ತು ಹಾಯಿಸಿದರೆ ಅದು ತಿರುಗಿ ಬೆಳಕು ಸೂಸುತ್ತದೆ. ನಮ್ಮ ಕಣ್ಣಿಗೆ ಕಾಣುವ ಬೆಳಕಲ್ಲ, ವಿಶೇಷ ಕ್ಯಾಮೆರಾ ಬೇಕು. ಆ ಚಿತ್ರದಲ್ಲಿ ಚೆನ್ನಾಗಿರುವ ಕೋಶ ಬೆಳ್ಳಗೆ, ಒಳಗೊಳಗೇ ಬಿರುಕು ಬಿಟ್ಟದ್ದು ಕಪ್ಪು ಗೆರೆಗಳಾಗಿ, ಸತ್ತ ಭಾಗ ಕಪ್ಪು ತೇಪೆಯಾಗಿ ಕಾಣುತ್ತದೆ. ಹಗಲಿನಲ್ಲಿ ಗಾಜು ನೋಡಿದರೆ ಏನೂ ಗೊತ್ತಾಗದು. ಈ ಬಿರುಕುಗಳು ಬರುವುದು ಲಾರಿಯ ಕುಲುಕಾಟದಲ್ಲಿ, ತಲೆ ಮೇಲೆ ಹೊತ್ತು ಮೆಟ್ಟಿಲು ಹತ್ತಿಸುವಾಗ, ತೊಳೆಯಲು ಬಂದ ಹುಡುಗ ಫಲಕದ ಮೇಲೆಯೇ ಕಾಲಿಟ್ಟು ನಡೆದಾಗ. ನಾನು ಹೇಳಿದ ಬೇಲಾಪುರದ ಟೆರೇಸಿನಲ್ಲಿ ಚಪ್ಪಲಿಯ ಗುರುತು ಗಾಜಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಇತ್ತು. ಆ ಹುಡುಗನ ತಪ್ಪೇನಿಲ್ಲ, ನಡೆಯಬಾರದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸರ್ವೆಯಿಂದ ಹೊರಬಂದ ಸಂಗತಿ ನಮಗೆಲ್ಲ ಮುಖ್ಯವಾದದ್ದು. ಸೆಖೆ ಹೆಚ್ಚಿರುವ ಸೀಮೆಗಳಲ್ಲಿ ಫಲಕಗಳು ತಂಪು ಸೀಮೆಗಿಂತ ಬೇಗ ಸೊರಗಿದ್ದವು. ಅದು ನಿರೀಕ್ಷಿಸಿದ್ದೇ. ಆದರೆ ದೊಡ್ಡ ಸೌರ ಸ್ಥಾವರಗಳ ಫಲಕಗಳಿಗಿಂತ ಛಾವಣಿಯ ಮೇಲಿನ ಸಣ್ಣ ಸಣ್ಣ ಜೋಡಣೆಗಳೇ ಹೆಚ್ಚು ಸೊರಗಿದ್ದವು. ಪಾವಗಡದಂಥ ಕಡೆ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಪಾರ್ಕು ಇದೆ. ಅಲ್ಲಿ ಎಂಜಿನಿಯರುಗಳಿದ್ದಾರೆ, ಒಂದು ಸಾಲು ಮಂಕಾದರೆ ಪರದೆಯ ಮೇಲೆ ಕಾಣುತ್ತದೆ. ನಮ್ಮ ಟೆರೇಸಿನಲ್ಲಿ ಒಂದು ಸಾಲು ಪೂರ್ತಿ ನಿಂತರೂ ಬಿಲ್ಲು ಸ್ವಲ್ಪ ಏರುತ್ತದೆ ಅಷ್ಟೇ. ಮಳೆಗಾಲ ಅಲ್ಲವೇ ಎನ್ನುತ್ತೇವೆ. ಮಳೆಗಾಲ ಮುಗಿದ ಮೇಲೆ ಮರೆಯುತ್ತೇವೆ. ಕಂಪನಿ 25 ವರ್ಷದ ನಂತರವೂ ನೂರಕ್ಕೆ 80ರಷ್ಟು ಶಕ್ತಿ ಇರುತ್ತದೆಂದು ಗ್ಯಾರಂಟಿ ಕೊಟ್ಟಿರುತ್ತದೆ. ಐದನೇ ವರ್ಷವೇ ಅದು ಎಷ್ಟಕ್ಕೆ ಇಳಿದಿದೆಯೆಂದು ತೋರಿಸಲು ನಮ್ಮ ಕೈಯಲ್ಲಿ ಏನಿದೆ? ಲೆಕ್ಕವಿಲ್ಲದ ಗ್ಯಾರಂಟಿ ಕಾಗದದಲ್ಲೇ ಉಳಿಯುತ್ತದೆ.

ಅದಕ್ಕೇ ನೋಟ್ ಪುಸ್ತಕ. ಕೆಲಸ ಬಹಳವಿಲ್ಲ. ಸಂಜೆ ಆರೂವರೆಗೆ ವಾಚ್‌ಮನ್ನೋ, ಕಮಿಟಿಯ ಸದಸ್ಯರೋ ಇನ್‌ವರ್ಟರಿನ ಪರದೆಯಲ್ಲಿ ಆ ದಿನದ ಯೂನಿಟ್ಟು ನೋಡಿ ಬರೆಯಬೇಕು. ಪಕ್ಕದಲ್ಲಿ ಬಿಸಿಲೋ, ಮೋಡವೋ, ಮಳೆಯೋ. ತೊಳೆದ ದಿನ ತೊಳೆದದ್ದು ಎಂದು. ಕರೆಂಟ್ ಹೋದರೆ ಎಷ್ಟು ಹೊತ್ತು ಎಂದು. ತಿಂಗಳಿಗೊಮ್ಮೆ ನೆಟ್ ಮೀಟರಿನಲ್ಲಿ ಬಂದದ್ದು, ಹೋದದ್ದು ಎರಡರ ಅಂಕಿ. ಮೊಬೈಲ್ ಆ್ಯಪಿನಲ್ಲಿ ಎಲ್ಲ ಇರುತ್ತದಲ್ಲ ಎಂದು ಕೇಳುತ್ತೀರಿ. ಇರುತ್ತದೆ, ಗುತ್ತಿಗೆದಾರನ ಖಾತೆಯಲ್ಲಿ. ಐದು ವರ್ಷದ ನಿರ್ವಹಣೆಯ ಒಪ್ಪಂದ ಮುಗಿದ ಮೇಲೆ ಪಾಸ್‌ವರ್ಡ್ ಯಾರ ಬಳಿ ಇರುತ್ತದೆ? ಸೊಸೈಟಿಯ ಮಿನಿಟ್ಸ್ ಪುಸ್ತಕದಂತೆ ಇದೂ ಕಪಾಟಿನಲ್ಲಿರಬೇಕು, ಕಮಿಟಿ ಬದಲಾದಾಗ ಕೈಯಿಂದ ಕೈಗೆ ದಾಟಬೇಕು.

ವರ್ಷದ ಲೆಕ್ಕವನ್ನು ಕಿಲೋವ್ಯಾಟಿನಿಂದ ಭಾಗಿಸಿದರೆ ನಿಮ್ಮ ಟೆರೇಸಿನ ಯೋಗ್ಯತೆ ಒಂದೇ ಅಂಕಿಯಲ್ಲಿ ಸಿಗುತ್ತದೆ. ಸುಮಾರು 1,400ರ ಆಸುಪಾಸು ಬಂದರೆ ಸಮಾಧಾನ, 1,100 ಬಂದರೆ ಏನೋ ಕೆಟ್ಟಿದೆ. ಆ ಅಂಕಿಯನ್ನು ಪಕ್ಕದ ಸೊಸೈಟಿಯ ಅಂಕಿಯ ಜೊತೆ ಇಟ್ಟು ನೋಡಿದಾಗಲೇ ನಿಜವಾದ ಸಂಶೋಧನೆ ಶುರುವಾಗುವುದು. ಪಾರ್ಸಿಕ್ ಬೆಟ್ಟದ ಬುಡದಲ್ಲಿರುವ ಟೆರೇಸಿನ ಮೇಲೆ ಧೂಳು ಎಷ್ಟು ಕೂರುತ್ತದೆ, ಖಾಡಿ ದಂಡೆಯ ಉಪ್ಪು ಎಷ್ಟು ಕೆಡಿಸುತ್ತದೆ, ಡೊಂಬಿವಲಿಯ ಕಾರ್ಖಾನೆಗಳ ಹೊಗೆ ಎಷ್ಟು ಕದಿಯುತ್ತದೆ? ಹದಿನೈದು ದಿನಕ್ಕೊಮ್ಮೆ ತೊಳೆದರೆ ಸಾಕೇ, ವಾರಕ್ಕೊಮ್ಮೆ ಬೇಕೇ? ಜೂನಿನಿಂದ ಸೆಪ್ಟೆಂಬರಿನ ತನಕ ಉತ್ಪಾದನೆ ನಿಜವಾಗಿ ಎಷ್ಟಕ್ಕೆ ಇಳಿಯುತ್ತದೆ? ಇಂಥ ಪ್ರಶ್ನೆಗಳಿಗೆ ನಮ್ಮ ಓಣಿಯ ಉತ್ತರ ನಮ್ಮ ಟೆರೇಸಿನಲ್ಲೇ ಹುಟ್ಟಬೇಕು. ಪೊವಾಯಿಯ ವಿಜ್ಞಾನಿಗಳು ಪ್ರತಿ ಬಿಲ್ಡಿಂಗಿಗೆ ಬಂದು ಕೂರಲಾರರು. ಇಪ್ಪತ್ತು ಸೊಸೈಟಿಗಳು ಮೂರು ವರ್ಷ ಪ್ರಾಮಾಣಿಕವಾಗಿ ಬರೆದ ಪುಸ್ತಕಗಳು ಅವರ ಕೈಗೆ ಸಿಕ್ಕರೆ ಅದರ ಬೆಲೆ ಏನೆಂದು ಅವರಿಗೆ ಗೊತ್ತಾಗುತ್ತದೆ.

ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ನಡೆಸಿಕೊಂಡು ಬಂದಿದೆ. ನವಿಮುಂಬಯಿಯ ಕನ್ನಡ ಸಂಘ, ಠಾಣೆ, ಕಲ್ಯಾಣದ ಕನ್ನಡ ಕೂಟಗಳು ನಾಟಕ, ಯಕ್ಷಗಾನ, ರಾಜ್ಯೋತ್ಸವವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡುತ್ತವೆ. ವರ್ಷಕ್ಕೊಂದು ಭಾನುವಾರ ಈ ಪುಸ್ತಕಗಳನ್ನು ಒಂದೆಡೆ ತಂದು ಓದುವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದೇಕೆ? ಎಂಟನೇ, ಒಂಬತ್ತನೇ ತರಗತಿಯ ಮಕ್ಕಳು ಲೆಕ್ಕ ಕೂಡಿ ನಕ್ಷೆ ಬರೆಯಲಿ. ಕನ್ನಡದಲ್ಲಿ ಬರೆಯಲಿ. ನಮ್ಮ ಮಕ್ಕಳು ವಿಜ್ಞಾನವನ್ನು ಕನ್ನಡದಲ್ಲಿ ಮಾತಾಡುವ ಅವಕಾಶ ಈ ಊರಿನಲ್ಲಿ ಎಲ್ಲಿ ಸಿಗುತ್ತದೆ ಹೇಳಿ.

ಕೆಲವರು ಕೇಳುವ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಕರೆಂಟ್ ಹೋದಾಗ ಸೋಲಾರ್ ನಡೆಯುತ್ತದಲ್ಲವೇ ಎನ್ನುತ್ತಾರೆ. ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಜೋಡಿಸಿದ ಸಾಮಾನ್ಯ ಇನ್‌ವರ್ಟರು ಕರೆಂಟ್ ಹೋದ ಕ್ಷಣವೇ ನಿಲ್ಲುತ್ತದೆ. ತಂತಿ ರಿಪೇರಿಗೆ ಹತ್ತಿದ ಕಾರ್ಮಿಕನಿಗೆ ನಮ್ಮ ಟೆರೇಸಿನಿಂದ ಶಾಕ್ ಹೊಡೆಯಬಾರದೆಂದು ಮಾಡಿದ ವ್ಯವಸ್ಥೆ ಅದು. 2020ರ ಅಕ್ಟೋಬರ್ 12ರ ಬೆಳಗ್ಗೆ ಕಳವಾ-ಪಡಘಾ ಲೈನುಗಳು ಕೈಕೊಟ್ಟು ಮುಂಬಯಿ, ಠಾಣೆ, ನವಿಮುಂಬಯಿ ಒಟ್ಟಿಗೆ ಸ್ತಬ್ಧವಾದದ್ದು ನಿಮಗೆ ನೆನಪಿದೆ. ಲೋಕಲ್ ಟ್ರೇನುಗಳು ನಡುದಾರಿಯಲ್ಲಿ ನಿಂತವು. ಸುಡುವ ಅಕ್ಟೋಬರ್ ಬಿಸಿಲಿನಲ್ಲಿ, ಗ್ರಿಡ್ಡಿಗೆ ಜೋಡಿಸಿದ ಫಲಕಗಳೂ ಕೈಕಟ್ಟಿ ಕೂರಬೇಕಾಯಿತು. ಅಂಥ ದಿನಕ್ಕೆ ತಯಾರಿ ಬೇಕೆಂದರೆ ಬ್ಯಾಟರಿ ಒಪ್ಪುವ ಹೈಬ್ರಿಡ್ ಇನ್‌ವರ್ಟರ್ ತೆಗೆದುಕೊಳ್ಳಿ, ಮೆಟ್ಟಿಲ ದೀಪ ಮತ್ತು ಒಂದು ಪಂಪಿಗೆ ಸಾಲುವಷ್ಟು ಬ್ಯಾಟರಿ ಹಾಕಿ. ಹನ್ನೆರಡನೇ ಮಹಡಿಯ ಅಜ್ಜ ಅಜ್ಜಿಯರಿಗೆ ನೀರಾದರೂ ಬರಲಿ. ಇಡೀ ಬಿಲ್ಡಿಂಗಿಗೆ ಬ್ಯಾಟರಿ ಎನ್ನುವ ಮಾತಿಗೆ ಈಗಲೇ ಮರುಳಾಗಬೇಡಿ.

ಇನ್ನೂ ಒಳ್ಳೆಯ ಫಲಕ ಬರುತ್ತದಂತೆ, ಕಾಯೋಣ ಎನ್ನುವವರೂ ಇದ್ದಾರೆ. ಬರುತ್ತದೆ, ನಿಜ. 1954ರ ಏಪ್ರಿಲಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್, ಪಿಯರ್ಸನ್ ಮೊದಲ ಬಳಕೆಯೋಗ್ಯ ಸಿಲಿಕಾನ್ ಕೋಶ ತೋರಿಸಿದಾಗ ಅದು ಬಿಸಿಲಿನ ನೂರರಲ್ಲಿ ಆರು ಪಾಲನ್ನು ವಿದ್ಯುತ್ತಾಗಿಸುತ್ತಿತ್ತು. ಚಾಪಿನ್ ಆ ಕೆಲಸಕ್ಕೆ ಇಳಿದದ್ದೇ ತೇವ ಹೆಚ್ಚಿರುವ ಬಿಸಿ ದೇಶಗಳಲ್ಲಿ ಟೆಲಿಫೋನಿನ ಬ್ಯಾಟರಿಗಳು ಹಾಳಾಗುತ್ತಿದ್ದವೆಂದು. ನಮ್ಮಂಥ ಹವೆಗೆಂದೇ ಹುಟ್ಟಿದ ಯೋಚನೆ. ಇವತ್ತು ಅಂಗಡಿಯ ಫಲಕ ಇಪ್ಪತ್ತರ ಮೇಲೆ, ಇಪ್ಪತ್ಮೂರರ ಹತ್ತಿರ ಇದೆ. ಪೊವಾಯಿಯಲ್ಲೇ ದಿನೇಶ್ ಕಾಬ್ರಾ ಅವರ ತಂಡ ಸಿಲಿಕಾನಿನ ಮೇಲೆ ಪೆರೋವ್‌ಸ್ಕೈಟ್ ಎಂಬ ಇನ್ನೊಂದು ಪದರ ಕೂರಿಸಿ ಪ್ರಯೋಗಾಲಯದಲ್ಲಿ ಸುಮಾರು 30ರ ತನಕ ತಲುಪಿದೆ. ಹೆಮ್ಮೆಯ ಸಂಗತಿ. ಆದರೆ ಪೆರೋವ್‌ಸ್ಕೈಟಿಗೆ ತೇವವೇ ಮೊದಲ ಶತ್ರು. ಬೇಲಾಪುರದ ನಾಲ್ಕು ತಿಂಗಳ ಮಳೆಯನ್ನು ಅದು ಇಪ್ಪತ್ತೈದು ವರ್ಷ ತಾಳುತ್ತದೆಂದು ರುಜುವಾತಾಗುವ ತನಕ ಸಿಲಿಕಾನನ್ನೇ ನೆಚ್ಚಿ. ಕಾದ ವರ್ಷದ ಯೂನಿಟ್ಟು ತಿರುಗಿ ಸಿಗುವುದಿಲ್ಲ.

ಬೇಲಾಪುರದ ಆರ್ಟಿಸ್ಟ್ಸ್ ವಿಲೇಜಿನ ನಿವಾಸಿಗಳಿಗೆ ಒಂದು ಪ್ರತ್ಯೇಕ ಮಾತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1983ರಿಂದ 86ರ ನಡುವೆ ಸಿಡ್ಕೋಗಾಗಿ ಕಟ್ಟಿದ ಈ ಬಡಾವಣೆಯಲ್ಲಿ ಏಳೇಳು ಮನೆಗೆ ಒಂದೊಂದು ಅಂಗಳ. ಒಂದು ಮನೆಯ ಗೋಡೆ ಇನ್ನೊಂದಕ್ಕೆ ತಾಗುವುದಿಲ್ಲ. ಬಡವನಿಗಾದರೂ ತಲೆಯ ಮೇಲೆ ತನ್ನದೇ ಆಕಾಶವಿರಬೇಕು ಎಂಬುದು ಅವರ ಆಲೋಚನೆ. ನಿಮಗೆ ಸೊಸೈಟಿಯ ಒಪ್ಪಿಗೆಗೆ ಕಾಯಬೇಕಾಗಿಲ್ಲ, ಮೂರು ಕಿಲೋವ್ಯಾಟಿನ 78,000 ರೂಪಾಯಿ ನೇರ ನಿಮಗೇ. ಹತ್ತು ಕಿಲೋವ್ಯಾಟಿನ ತನಕ ತಾಂತ್ರಿಕ ಪರಿಶೀಲನೆಯ ಅಡ್ಡಿ ಬೇಡವೆಂದು 2024ರ ನಿಯಮವೂ ಹೇಳಿದೆ. ಆದರೆ ಬೆಳೆಯಲು ಬಿಟ್ಟ ಮನೆಗಳು ಅವು, ಬೆಳೆದಿವೆ. ಪಕ್ಕದವರು ಎತ್ತಿದ ಮಹಡಿಯ ನೆರಳು ನಿಮ್ಮ ಮಾಡಿನ ಮೇಲೆ ಬೀಳುತ್ತದೆ. ಏಳು ಮನೆಯವರು ಒಟ್ಟಿಗೆ ಅಂಗಳದಲ್ಲಿ ಕೂತು, ಯಾರ ಮಾಡಿಗೆ ಯಾವ ಹೊತ್ತಿನ ಬಿಸಿಲು ಎಂದು ಮಾತಾಡಿಕೊಂಡು ಮುಂದುವರಿಯಿರಿ.

ಟೆರೇಸಿನಲ್ಲಿ ಪಾಲಿಲ್ಲದ ಬಾಡಿಗೆದಾರರು, ಮೂವತ್ತು ಮಹಡಿಯ ಗೋಪುರಗಳಲ್ಲಿ ಇರುವವರು ಏನು ಮಾಡಬೇಕು? ಜರ್ಮನಿಯಲ್ಲಿ ಬಾಲ್ಕನಿಯ ಕಟಕಟೆಗೆ ಎರಡು ಫಲಕ ತೂಗುಹಾಕಿ ಪ್ಲಗ್ಗಿಗೆ ಸಿಕ್ಕಿಸುವ ವ್ಯವಸ್ಥೆಗೆ ಕಾನೂನಿನ ಒಪ್ಪಿಗೆ ಇದೆ. 2024ರಲ್ಲಿ ಮಿತಿಯನ್ನು 800 ವ್ಯಾಟಿಗೆ ಏರಿಸಿದರು, ಮರುವರ್ಷ ನೋಂದಾಯಿತ ಬಾಲ್ಕನಿಗಳು ಹತ್ತು ಲಕ್ಷ ದಾಟಿದವು. ಅದನ್ನು ನೋಡಿ ಇಲ್ಲಿ ಯಾರೂ ಮಹಾವಿತರಣದ ಅನುಮತಿಯಿಲ್ಲದೆ ಪ್ಲಗ್ಗಿಗೆ ಫಲಕ ಸಿಕ್ಕಿಸಬೇಡಿ, ಅಪಾಯ. ನಮಗೆ ಹೆಚ್ಚು ಒಗ್ಗುವುದು ದೆಹಲಿಯ ದಾರಿ. ಒಂದೇ ಕಡೆ ಹಾಕಿದ ಫಲಕದ ಯೂನಿಟ್ಟುಗಳನ್ನು ಹಲವು ಮನೆಗಳ ಬಿಲ್ಲಿಗೆ ಹಂಚುವ ವರ್ಚುವಲ್ ನೆಟ್ ಮೀಟರಿಂಗಿಗೆ ಅಲ್ಲಿಯ ವಿದ್ಯುತ್ ಆಯೋಗ 2019ರಲ್ಲೇ ನಿಯಮ ಮಾಡಿತು. ನಮ್ಮ ಊರುಗಳಲ್ಲಿ ಸಾಮಾನ್ಯ ಫ್ಲ್ಯಾಟಿನ ಕುಟುಂಬವೂ ಇದನ್ನು ಸುಲಭವಾಗಿ ಪಡೆಯುವಂತಾಗಬೇಕು. ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ಕರಡು ನಿಯಮ ಹೊರಡಿಸಿದಾಗಲೆಲ್ಲ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಆ ಕಾಗದ ಬರೆಯುವವರು ತೀರ ಕಡಿಮೆ. ನೀವು ಬರೆಯಿರಿ. ನೋಟ್ ಪುಸ್ತಕದ ಅಂಕಿ ಕೈಯಲ್ಲಿದ್ದರೆ ಆ ಕಾಗದಕ್ಕೆ ತೂಕ ಬರುತ್ತದೆ.

ಒಂದು ಎಚ್ಚರಿಕೆ ಉಳಿಯಿತು. ರಿಡೆವಲಪ್‌ಮೆಂಟಿನ ಮಾತುಕತೆ ನಡೆಯುತ್ತಿರುವ ಹಳೆಯ ಬಿಲ್ಡಿಂಗುಗಳು ಈಗ ಫಲಕಕ್ಕೆ ಹಣ ಹಾಕುವುದು ಬೇಡ. ಬದಲಿಗೆ ಹೊಸ ಕಟ್ಟಡದ ಒಪ್ಪಂದದಲ್ಲೇ ಟೆರೇಸಿನ ಇಷ್ಟು ಭಾಗ ನೆರಳಿಲ್ಲದೆ ಖಾಲಿ ಇರಬೇಕು, ಕೇಬಲ್ಲಿಗೆ ದಾರಿ ಇರಬೇಕು, ಯೂನಿಟ್ಟು ಸೊಸೈಟಿಗೆ ಸೇರಬೇಕು ಎಂದು ಬರೆಸಿ. ಬಿಲ್ಡರು ಟೆರೇಸನ್ನು ಮಾರಾಟದ ಸರಕಾಗಿ ನೋಡುವುದಕ್ಕೆ ಮುಂಚೆ ನೀವು ಅದಕ್ಕೆ ಹೆಸರು ಹಚ್ಚಿ.

ಸೊಸೈಟಿಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ವಿಷಯಪಟ್ಟಿಯ ನೋಟಿಸು ಅದಕ್ಕೂ ಮೊದಲೇ ಹೊರಡುತ್ತದೆ. ಅದರಲ್ಲಿ ಎರಡು ಸಾಲು ಸೇರಿಸಿ: ಸಾಮಾನ್ಯ ಮೀಟರಿಗೆ ಸೌರ ವಿದ್ಯುತ್ತು ಜೋಡಿಸಲು ಮೂರು ಕೊಟೇಶನ್ ತರಿಸುವುದು, ಉತ್ಪಾದನೆಯ ದಿನಚರಿ ಬರೆಯಲು ಒಬ್ಬ ಸದಸ್ಯರನ್ನು ನೇಮಿಸುವುದು. ಮೊದಲನೆಯದಕ್ಕೆ ಮತ ಕೇಳುವಾಗಲೇ ಎರಡನೆಯದಕ್ಕೂ ಹೆಸರು ಬರೆಸಿಕೊಳ್ಳಿ. ಯಾರೂ ಮುಂದೆ ಬರದಿದ್ದರೆ ನಿಮ್ಮ ಹೆಸರನ್ನೇ ಬರೆಯಿರಿ.

ಇತಿ ನಿಮ್ಮವ,
ಬೇಲಾಪುರದ ಒಬ್ಬ ಸೊಸೈಟಿ ಸದಸ್ಯ